ಗೋಲಿ ಇಳಿಸಿ, ಲೋಲಕ ಎಣಿಸಿ ಲೆಕ್ಕ ಹಾಕಿದರೆ ಗುರುತ್ವ 7.4 ಬರ್ತಿದೆ. ಉಳಿದ 2.4 ಎಲ್ಲಿ ಹೋಯ್ತು?

ಹುಣಸಿಮರದ ಮೇಷ್ಟ್ರು (ಕೊಪ್ಪಳ ಜಿಲ್ಲೆ) · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸ್ತೀನಿ. ಮುಂದಿನ ತಿಂಗಳು ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಇದೆ. ಪ್ರತಿ ವರ್ಷ ಥರ್ಮಾಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮನೆ ಒಯ್ದು ಒಯ್ದು ನನಗೇ ಬೇಸರ ಬಂದಿತ್ತು. ಈ ಸಲ 9ನೇ ತರಗತಿಯ ಮೂವರು ಹುಡುಗಿಯರು, ಒಬ್ಬ ಹುಡುಗ ಸೇರಿಕೊಂಡು ಗಡಿಯಾರ ಇಲ್ಲದೆ ಗೋಲಿಯ ಓಟ ಅಳೆಯೋಣ ಅಂತ ಹೊರಟಿದ್ದೇವೆ.

ಸಾಮಾನು ಇಷ್ಟೇ. ಗೇಟಿಗೆ ಹಾಕುವ ಒಂದು ಇಂಚಿನ ಕಬ್ಬಿಣದ ಆಂಗಲ್, 3 ಮೀಟರ್ ಉದ್ದದ್ದು. ನಮ್ಮೂರ ವೆಲ್ಡಿಂಗ್ ಅಂಗಡಿಯ ತಮ್ಮ ಎರವಲು ಕೊಟ್ಟದ್ದು, ಅವನೂ ಇಲ್ಲಿ ಓದ್ತಿರ್ತಾನೆ. ಅದನ್ನು ಬಾಯಿ ಮೇಲಾಗಿ ದೋಣಿಯಂತೆ ಎರಡು ಸ್ಟೂಲಿನ ಮೇಲಿಟ್ಟಿದ್ದೇವೆ. ಗೋಲಿ ಓಡುವ ದಾರಿ 240 ಸೆಂ.ಮೀ., ಅಷ್ಟು ದಾರಿಗೆ ಇಳಿತ 12 ಸೆಂ.ಮೀ. ಎತ್ತರವನ್ನು ಗೌಂಡಿಯವರ ನೀರಿನ ಪೈಪಿನಿಂದ ನೋಡಿದೆವು. ಲೋಲಕ ಅಂದರೆ ಕಿಟಕಿಯ ಸರಳಿಗೆ ಕಟ್ಟಿದ ದಾರ, ತುದಿಗೆ ಒಂದು ದಪ್ಪ ನಟ್ಟು. ಕಟ್ಟಿದ ಜಾಗದಿಂದ ನಟ್ಟಿನ ನಡುವಿನ ತನಕ 24.8 ಸೆಂ.ಮೀ. ಇಷ್ಟಿದ್ದರೆ ಹೋಗಿ ಬರುವ ಒಂದು ಪೂರ್ತಿ ಆಂದೋಲನಕ್ಕೆ 1 ಸೆಕೆಂಡು.

ಒಬ್ಬಳು ನಟ್ಟು ಬಿಡುವಾಗಲೇ ಇನ್ನೊಬ್ಬಳು ಗೋಲಿ ಬಿಡ್ತಾಳೆ. ಕೆಳಗೆ ಇಟ್ಟಿಗೆಗೆ ಗೋಲಿ ಟಣ್ ಅಂದಾಗ ನಟ್ಟು ಎಲ್ಲಿದೆ ನೋಡಿ ಕಾಲು, ಅರ್ಧ, ಮುಕ್ಕಾಲು ಅಂತ ಹೇಳ್ತಾರೆ. 20 ಸಲ ಓಡಿಸಿದ ಸರಾಸರಿ 4.25 ಆಂದೋಲನ.

ಲೆಕ್ಕ ಹೀಗೆ. ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ವೇಗೋತ್ಕರ್ಷ 0.266. ಇಳಿಜಾರು 20ಕ್ಕೆ 1, ಹಾಗಾಗಿ 20ರಿಂದ ಗುಣಿಸಿದೆ: 5.31. ಉರುಳುವ ಗುಂಡಿಗೆ ಗುರುತ್ವದ 7ರಲ್ಲಿ 5 ಪಾಲು ಮಾತ್ರ ಓಟಕ್ಕೆ ಸಿಗುತ್ತೆ ಅಂತ ಪದವಿಯಲ್ಲಿ ಓದಿದ್ದ ನೆನಪು, ಅದನ್ನೂ ಸೇರಿಸಿದರೆ 7.44. ಬರಬೇಕಾದ್ದು 9.8. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೆ ಸುಮ್ಮನಿರ್ತಿದ್ದೆ. ಕಾಲು ಭಾಗವೇ ಮಾಯ ಅಂದರೆ ಮಕ್ಕಳಿಗೆ ಏನು ಹೇಳಲಿ?

---

ರಾಯಚೂರ್ ಹುಡುಗ · ಭಾನುವಾರ ರಾತ್ರಿ 9:31

ಸರ್, ತಪ್ಪು ತಿಳ್ಕೋಬೇಡ್ರಿ. ಮೊಬೈಲ್‌ನಾಗ ಸ್ಟಾಪ್‌ವಾಚ್ ಐತಿ, ಸೆಕೆಂಡಿನ ನೂರನೇ ಭಾಗ ತೋರಸ್ತದ. ನಟ್ಟು ದಾರ ಕಟ್ಕೊಂಡು ಕಾಲು ಮುಕ್ಕಾಲು ಅನ್ನೂದು ಯಾಕ? ನಾವ್ ಇಂಜಿನಿಯರಿಂಗ್ ಲ್ಯಾಬಿನಾಗೂ ಇದನ್ನ ಮಾಡಂಗಿಲ್ಲ.

---

ಕಿನ್ನಾಳದವ · ಭಾನುವಾರ ರಾತ್ರಿ 9:50

ಘರ್ಷಣೆ ಸರ್, ಮತ್ತೇನಿಲ್ಲ. ಕಬ್ಬಿಣದ ಮೇಲೆ ಗಾಜು ಹೇಗೆ ಓಡಬೇಕು? ಮರದ ಹಲಗೆಯಲ್ಲಿ ಕಾಲುವೆ ಕೊರೆಸಿ. ನಮ್ಮೂರ ಗೊಂಬೆಗೆ ಬಳಸೋ ಹಗುರ ಮರ ಮಾತ್ರ ಬೇಡ, ಅದು ಮೆತ್ತಗೆ, ನಾಲ್ಕು ದಿನಕ್ಕೆ ಗೋಲಿ ದಾರಿಯಲ್ಲೇ ತಗ್ಗು ಬೀಳುತ್ತೆ. ಹಳೇ ಬಾಗಿಲ ಚೌಕಟ್ಟಿನ ಸಾಗವಾನಿ ಸಿಕ್ಕರೆ ನೋಡಿ.

---

ಬೆಂಕಿಪೊಟ್ಣ ವೆಲ್ಡರ್ · ಭಾನುವಾರ ರಾತ್ರಿ 10:05

ಆಂಗಲ್ ನಮ್ದರೀ. ಒಳಗ ತುಕ್ಕ ಇತ್ತು, ಎಮರಿ ಹಾಳಿಲೆ ತಿಕ್ಕಿ, ಎಣ್ಣಿ ಅರಬಿ ಹಾಕಿ ಒರಸೇ ಕೊಟ್ಟೀನಿ. ಕನ್ನಡಿ ಆಗೈತಿ. ನಮ್ಮ ಆಂಗಲ್ ಮ್ಯಾಲ ಹಾಕಬ್ಯಾಡ್ರಿ.

---

ನಿವೃತ್ತ ಲೋಲಕ (ರಾಯಚೂರು) · ಸೋಮವಾರ ಬೆಳಗ್ಗೆ 6:15

ಮೇಷ್ಟ್ರೇ, ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಲೋಲಕ ತೂಗಾಡಿಸಿದವನು ನಾನು, ಆದ್ದರಿಂದ ಮೊದಲು ಲೋಲಕವನ್ನೇ ಅನುಮಾನಿಸುತ್ತೇನೆ.

ಒಂದು, 24.8 ನಿಜವಾಗಿಯೂ ನಟ್ಟಿನ ನಡುವಿಗೆ ಇದೆಯೇ? ಗಂಟಿನ ತನಕ ಅಳೆದು ನಟ್ಟಿನ ಒಂದು ಸೆಂ.ಮೀ. ಬಿಟ್ಟಿದ್ದರೆ ಲೋಲಕ ನೀವು ಅಂದುಕೊಂಡದ್ದಕ್ಕಿಂತ ನೂರಕ್ಕೆ 2ರಷ್ಟು ನಿಧಾನ. ಆದರೆ ಗಮನಿಸಿ, ಆ ತಪ್ಪನ್ನು ಸರಿಪಡಿಸಿದರೆ ನಿಮ್ಮ ಉತ್ತರ ಇನ್ನೂ ಕೆಳಗೆ ಹೋಗುತ್ತದೆ, 7.4 ಅಲ್ಲ, 7.15. ಅಂದರೆ ಅದು ಕಳ್ಳನಲ್ಲ, ಇದ್ದರೂ ಬೇರೆ ಊರಿನ ಕಳ್ಳ.

ಎರಡು, ಎಷ್ಟು ದೂರ ಎಳೆದು ಬಿಡುತ್ತಾರೆ? ಮಕ್ಕಳಿಗೆ ಜೋರಾಗಿ ತೂಗಿದರೇ ಖುಷಿ. 45 ಡಿಗ್ರಿಗೆ ಎಳೆದರೆ ಒಂದೊಂದು ತೂಗೂ ನೂರಕ್ಕೆ 4ರಷ್ಟು ಉದ್ದವಾಗುತ್ತದೆ. 10 ಡಿಗ್ರಿಯಲ್ಲಿ ಅದು ಸಾವಿರಕ್ಕೆ 2 ಮಾತ್ರ. ನಿಮ್ಮ ಅಳತೆಯ ದಾರಕ್ಕೆ ನಾಲ್ಕು ಬೆರಳಿಗಿಂತ ಹೆಚ್ಚು ಎಳೆಯಬಾರದು.

ಮೂರು, ನಟ್ಟು ನೇರವಾಗಿ ಹೋಗಿ ಬರುತ್ತದೋ, ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತದೋ?

---

ಹುಣಸಿಮರದ ಮೇಷ್ಟ್ರು · ಸೋಮವಾರ ಸಂಜೆ 5:40

ಸರ್, ಮೂರನ್ನೂ ಇವತ್ತು ನೋಡಿದೆವು. ನಡುವಿಗೇ ಇದೆ. ನನ್ನ ಕೈಗಡಿಯಾರ ಇಟ್ಟು 100 ಆಂದೋಲನ ಎಣಿಸಿದರೆ 100 ಸೆಕೆಂಡು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಎಳೆಯೋದು ಮೂರು ಬೆರಳು.

ಸುತ್ತು ಹೊಡೆಯೋದು ಮಾತ್ರ ನಿಜ. ನಟ್ಟು ನಾಲ್ಕನೇ ತೂಗಿಗೇ ಮೊಟ್ಟೆಯಾಕಾರದಲ್ಲಿ ತಿರುಗ್ತಿತ್ತು. ಕಾರಣ ಮೇಲೆ ತಿರುಗುವ ಫ್ಯಾನು. ಫ್ಯಾನು ಆರಿಸಿದೆವು, ಮಕ್ಕಳ ಮುಖದ ಬೆವರು ಗೋಲಿ ಮೇಲೆ ಬಿತ್ತು, ಅದು ಬೇರೆ ಕಥೆ. ಆಮೇಲೆ ಒಂದು ದಾರದ ಬದಲು ಎರಡು ದಾರ, ಸರಳಿನ ಮೇಲೆ ಒಂದು ಗೇಣು ಅಂತರದಲ್ಲಿ ಕಟ್ಟಿ ಕೆಳಗೆ ನಟ್ಟಿನಲ್ಲಿ ಕೂಡಿಸಿದೆವು. ಈಗ ಜೋಕಾಲಿಯ ಹಾಗೆ ಒಂದೇ ದಿಕ್ಕಿಗೆ ಹೋಗುತ್ತೆ. ಉದ್ದವನ್ನು ದಾರದ ಗುಂಟ ಅಳೆಯದೆ ಸರಳಿನಿಂದ ನಟ್ಟಿಗೆ ನೇರ ಕೆಳಗೆ ಅಳೆದು 24.8ಕ್ಕೆ ತಂದೆವು.

ಎಲ್ಲಾ ಸರಿಮಾಡಿ ಮತ್ತೆ 20 ಸಲ. ಉತ್ತರ: 4.25. ಅಲ್ಲಾಡಲಿಲ್ಲ.

---

ಟೇಲರಕ್ಕ (ಬಳ್ಳಾರಿ) · ಸೋಮವಾರ ರಾತ್ರಿ 10:20

ಸಾರ್, ನಾನು ಕೌಲ್ ಬಜಾರದಾಕಿ, ಜೀನ್ಸ್ ಹೊಲಿಯೋ ಕೆಲಸ. ಭೌತಶಾಸ್ತ್ರ ನಂಗೆ ಬರಲ್ಲ. ಆದ್ರೆ ನೀವು ಅಳತೆಗೆ ನಮ್ಮಂಗೆ ಟೇಲರ್ ಟೇಪ್ ಹಿಡಿದಿದ್ರೆ ಅದನ್ನ ನಂಬಬೇಡ್ರಿ. ಹಳೇ ಟೇಪ್ ಎಳೆದೂ ಎಳೆದೂ ಉದ್ದ ಆಗಿರ್ತೈತೆ. ನನ್ನ ಹತ್ರ ಒಂದೈತೆ, ಮೀಟರ್‌ಗೆ ಒಂದು ಸೆಂಟಿಮೀಟರ್ ತಪ್ಪು. ಅದ್ರಲ್ಲಿ ಅಳೆದು ಹೊಲಿದ ನನ್ನ ಮಗನ ಪ್ಯಾಂಟ್ ಯಾವಾಗ್ಲೂ ಸಡಿಲ. ಅವನೂ 8ನೇ ಕ್ಲಾಸು, ನಿಮ್ಮ ಕಥೆ ಓದಿ ಮನೇಲಿ ಗೋಲಿ ಹುಡುಕ್ತಾ ಇದಾನೆ.

---

ನಿವೃತ್ತ ಲೋಲಕ · ಮಂಗಳವಾರ ಬೆಳಗ್ಗೆ 6:30

ತಂಗಿ, ನಿಮ್ಮ ಟೇಪಿನ ಮಾತು ಓದಿ ನಾನು ಕಾಫಿ ಲೋಟ ಕೆಳಗಿಟ್ಟು ಲೆಕ್ಕ ಹಾಕಿದೆ. ನನಗೇ ಹೊಳೆಯದಿದ್ದ ಒಂದು ಸಂಗತಿ ಅದರಲ್ಲಿದೆ.

ಮೇಷ್ಟ್ರ ಟೇಪು ಹಿಗ್ಗಿದೆ ಅನ್ನೋಣ. ಆಗ ಗೋಲಿಯ ದಾರಿ ತಪ್ಪು, ಅದೇ ಟೇಪಿನಿಂದ ಅಳೆದ ಲೋಲಕದ ದಾರವೂ ಅಷ್ಟೇ ಪಾಲು ತಪ್ಪು. ಲೋಲಕದ ಕಾಲದ ವರ್ಗ ದಾರದ ಉದ್ದಕ್ಕೆ ತಕ್ಕಂತೆ ನಡೆಯುತ್ತದೆ. ಹಾಗಾಗಿ ಲೆಕ್ಕದಲ್ಲಿ ಒಂದು ತಪ್ಪು ಮೇಲೆ, ಒಂದು ಕೆಳಗೆ ಬಂದು ಪೂರ್ತಿ ಹೊಡೆದುಹೋಗುತ್ತವೆ. ದಾರಿ ದಾರದ ಎಷ್ಟು ಪಟ್ಟು ಅನ್ನುವುದಷ್ಟೇ ಉಳಿಯುತ್ತದೆ. ಇಲ್ಲಿ 240ಕ್ಕೆ 24.8, ಅಂದರೆ 9.68 ಪಟ್ಟು. ಟೇಪಿನ ಬದಲು ಹಗ್ಗದ ತುಂಡಿನಿಂದ ಅಳೆದರೂ ಅದೇ.

ಇನ್ನೂ ಮುಂದೆ ಹೋದರೆ ಗುರುತ್ವವೂ ಹೊಡೆದುಹೋಗುತ್ತದೆ. ಮೇಷ್ಟ್ರೇ, 24.8 ಸೆಂ.ಮೀ.ಗೆ 1 ಸೆಕೆಂಡು ಅಂತ ಯಾವ ಸೂತ್ರದಿಂದ ತೆಗೆದಿರಿ? ಅದರೊಳಗೆ ಗುರುತ್ವವನ್ನು ಆಗಲೇ ಹಾಕಿದ್ದೀರಿ. ಹಾಕಿದ್ದನ್ನೇ ಕೊನೆಗೆ ತೆಗೆಯಲು ನೋಡುತ್ತಿದ್ದೀರಿ. ಗೋಲಿಯನ್ನು ಇಳಿಸುವುದೂ ಗುರುತ್ವ, ನಟ್ಟನ್ನು ತೂಗುವುದೂ ಅದೇ ಗುರುತ್ವ. ಇದೇ ಆಂಗಲ್, ಇದೇ ದಾರ, ಇದೇ ನಟ್ಟನ್ನು ಚಂದ್ರನ ಮೇಲೆ ಇಟ್ಟರೆ ಗೋಲಿ ನಿಧಾನವಾಗಿ ಇಳಿಯುತ್ತದೆ, ನಟ್ಟೂ ಅಷ್ಟೇ ನಿಧಾನವಾಗಿ ತೂಗುತ್ತದೆ, ಎಣಿಕೆ ಮಾತ್ರ ಅದೇ 4.25.

ಗುರುತ್ವ ಬೇಕೆಂದರೆ ನಿನ್ನೆ ನೀವು ಕೈಗಡಿಯಾರದ ಮುಂದೆ 100 ಎಣಿಸಿದಿರಲ್ಲ, ಅಲ್ಲೇ ಸಿಕ್ಕಿಬಿಟ್ಟಿದೆ: 9.79. ನಮ್ಮ ಕಡೆ ಇರಬೇಕಾದ್ದು 9.78. ಲೋಲಕದಿಂದ ಗುರುತ್ವ ತೆಗೆಯಲು ಗುರುತ್ವದ ಹಂಗಿಲ್ಲದ ಇನ್ನೊಂದು ಗಡಿಯಾರ ಬೇಕು. 1672ರಲ್ಲಿ ಜ್ಯಾಂ ರಿಶೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನಿಂದ ಭೂಮಧ್ಯರೇಖೆಯ ಹತ್ತಿರದ ಕಯೆನ್‌ಗೆ ಒಯ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಆತನಿಗೆ ಎರಡನೇ ಗಡಿಯಾರ ಆಕಾಶದ ನಕ್ಷತ್ರಗಳು. ನಮ್ಮ ದೇಶದಲ್ಲೂ ಸರ್ವೆಯವರು 1865ರಿಂದ ಲೋಲಕ ಹೊತ್ತು ಊರೂರು ತಿರುಗಿದರು. ಆ ಕೆಲಸದಲ್ಲಿದ್ದ ಕ್ಯಾಪ್ಟನ್ ಬಸೆವಿ 1871ರಲ್ಲಿ ಲಡಾಖಿನ ಎತ್ತರದಲ್ಲೇ ತೀರಿಕೊಂಡ.

ಹಾಗಾದರೆ ನೀವು ಅಳೆದದ್ದು ಏನು? ಒಂದು ಪಾಲು. ಇಳಿಜಾರಿನ ಗುರುತ್ವದಲ್ಲಿ ಎಷ್ಟು ಪಾಲು ಗೋಲಿಯ ಓಟಕ್ಕೆ ಸಿಕ್ಕಿತು ಅನ್ನುವುದು. ನಿಮ್ಮ ಅಳತೆಯಲ್ಲಿ 0.543. ಪುಸ್ತಕದ 7ರಲ್ಲಿ 5 ಅಂದರೆ 0.714. ಈಗ ಪ್ರಶ್ನೆಯನ್ನು ಹೀಗೆ ಕೇಳಿ: ಈ ಪಾಲು ಯಾಕೆ ಚಿಕ್ಕದು?

---

ರಾಯಚೂರ್ ಹುಡುಗ · ಮಂಗಳವಾರ ಬೆಳಗ್ಗೆ 8:45

ಚಂದ್ರನ ಮಾತು ಭಾರಿ ಆತು ಸರ್, ಕ್ಲಾಸಿನಾಗ ಯಾರೂ ಹೇಳಿದ್ದಿಲ್ಲ. ಆದ್ರೂ ನನ್ನ ಮಾತು ನಾ ಬಿಡಂಗಿಲ್ಲ. ಮೊಬೈಲಿದ್ರ ಚಂದ್ರನ ಮ್ಯಾಲೂ ಸೆಕೆಂಡೇ ಬರ್ತದ.

---

ಹುಣಸಿಮರದ ಮೇಷ್ಟ್ರು · ಮಂಗಳವಾರ ಮಧ್ಯಾಹ್ನ 1:30

ಒಪ್ತೀನಿ ತಮ್ಮಾ. ಆದರೆ ಸ್ಟಾಪ್‌ವಾಚಿನ ನೂರನೇ ಭಾಗ ಅನ್ನೋದು ತೋರಿಕೆ. ಕಣ್ಣು ನೋಡಿ ಹೆಬ್ಬೆಟ್ಟು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಹೋಗಿರುತ್ತೆ. ವಿಡಿಯೊ ತೆಗೆದು ಒಂದೊಂದೇ ಚಿತ್ರ ಎಣಿಸಿದರೆ ಮಾತು ಬೇರೆ, ಸೆಕೆಂಡಿಗೆ 30 ಚಿತ್ರ, ಅದು ನಮ್ಮ ಕಾಲು ಮುಕ್ಕಾಲಿಗಿಂತ ಖಂಡಿತ ಮೇಲು. ನಮ್ಮ ಶಾಲೆಗೆ ಮಕ್ಕಳು ಫೋನ್ ತರುವಂತಿಲ್ಲ ಅನ್ನೋದು ಒಂದು. ಇನ್ನೊಂದು, ಫೋನು ಕೊಟ್ಟರೆ ಅವರು ಫೋನನ್ನೇ ನೋಡ್ತಾರೆ. ನಟ್ಟು ಕೊಟ್ಟರೆ ಬೇಗ ತೂಗಲಿ ಅಂತ ಮೊದಲು ತೂಕ ಹೆಚ್ಚಿಸಿ ನೋಡಿದರು, ಆಗಲಿಲ್ಲ. ಆಮೇಲೆ ದಾರ ಮೋಟು ಮಾಡಿದರು, ಆಯ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

---

ಸಲಾಯಿನ್ ಸಿಸ್ಟರ್ (ಸಿಂಧನೂರು) · ಮಂಗಳವಾರ ರಾತ್ರಿ 11:15

ನೈಟ್ ಡ್ಯೂಟಿ, ಓದ್ತಾ ಕೂತೆ. ಹಿಂದೊಮ್ಮೆ ಅಣ್ಣನ ಮಗಳಿಗೆ ಇಂಥದೇ ಆಟಕ್ಕೆ ಖಾಲಿ ಸಲಾಯಿನ್ ಬಾಟ್ಲಿ, ಪೈಪು ಕೊಟ್ಟಿದ್ದೆ. ಹನಿ ಎಣಿಸಿ ಟೈಮ್ ಹಿಡಿಯೋದು. ಮೊದಲು ಚೆಂದ ನಡೀತು, ಬಾಟ್ಲಿ ಅರ್ಧ ಆಗ್ತಿದ್ದಂಗೇ ಹನಿ ನಿಧಾನ ಆದ್ವು. ನಮಗೆ ವಾರ್ಡಿನಾಗ ಗೊತ್ತಿದ್ದ ಮಾತೇ ಅದು, ಗಳಿಗೆಗೊಮ್ಮೆ ಹೋಗಿ ಚಕ್ರ ತಿರುವಿ ಹನಿ ಸರಿ ಮಾಡ್ತೀವಿ. ನಟ್ಟಿಗೆ ಆ ತೊಂದರೆ ಇಲ್ಲ ಬಿಡ್ರಿ.

---

ನಿವೃತ್ತ ಲೋಲಕ · ಬುಧವಾರ ಬೆಳಗ್ಗೆ 6:10

ಸಿಸ್ಟರ್, ಗೆಲಿಲಿಯೊ ಕೂಡ ನೀರನ್ನೇ ಹಿಡಿದ. 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬರೆದಿದ್ದಾನೆ: ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರಲ್ಲಿ ಬೆರಳಿಗಿಂತ ತುಸು ಅಗಲದ ಕಾಲುವೆ, ಒಳಗೆ ನುಣುಪಾದ ಚರ್ಮದ ಹಾಳೆ, ಮೇಲೆ ಕಂಚಿನ ಗುಂಡು. ಕಾಲಕ್ಕೆ ದೊಡ್ಡ ಹಂಡೆ ನೀರು, ತಳದಲ್ಲಿ ಸಣ್ಣ ಕೊಳವೆ. ಗುಂಡು ಓಡುವಷ್ಟು ಹೊತ್ತು ಬಿದ್ದ ನೀರನ್ನು ಲೋಟದಲ್ಲಿ ಹಿಡಿದು ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ಹಂಡೆ ಯಾಕೆ ದೊಡ್ಡದು ಅಂದರೆ ನಿಮ್ಮ ಬಾಟ್ಲಿಯ ತೊಂದರೆಗೇ, ಲೋಟದಷ್ಟು ನೀರು ಹೋದರೆ ಹಂಡೆಯ ಮಟ್ಟ ಇಳಿದದ್ದೇ ಗೊತ್ತಾಗುವುದಿಲ್ಲ. ನೂರು ಸಲ ಮಾಡಿದೆ, ನಾಡಿಬಡಿತದ ಹತ್ತನೇ ಒಂದರಷ್ಟೂ ವ್ಯತ್ಯಾಸ ಬರಲಿಲ್ಲ ಎಂದಿದ್ದಾನೆ. ಅಲೆಕ್ಸಾಂಡರ್ ಕೊಯ್ರೆ ಎಂಬ ಇತಿಹಾಸಕಾರ ಇದನ್ನು ನಂಬಲಿಲ್ಲ, ಬಡಾಯಿ ಅಂದ. 1961ರಲ್ಲಿ ತಾಮಸ್ ಸೆಟಲ್ ಹಲಗೆ, ನೀರು, ಗುಂಡು ಇಟ್ಟುಕೊಂಡು ಮತ್ತೆ ಮಾಡಿ ತೋರಿಸಿದ ಮೇಲೆ ಆ ಮಾತು ನಿಂತಿತು.

---

ಬೆಂಕಿಪೊಟ್ಣ ವೆಲ್ಡರ್ · ಬುಧವಾರ ರಾತ್ರಿ 9:25

ಸರ, ಇವತ್ತ ಸಾಲಿ ಮುಂದ ಹಾದು ಹೋಗೂವಾಗ ನೋಡೀನಿ. ನೀವು ಗೋಲಿ ತಳದಾಗ ಉರುಳ್ತೈತಿ ಅಂತೀರಿ. ಆಂಗಲ್ ತಳಕ್ಕ ಗೋಲಿ ಮುಟ್ಟೂದ ಇಲ್ಲಲ್ಲರೀ. ಎರಡೂ ಗ್ವಾಡಿಗೆ ಆನಿಕೊಂಡು ನಡು ತೇಲಿ ಹೊಕ್ಕೈತಿ. ಸಂಶಯ ಇದ್ರ ಸೀಮೆಸುಣ್ಣದ ಪುಡಿಯಾಗ ಗೋಲಿ ಹೊಳ್ಳಿಸಿ ಬಿಡ್ರಿ.

---

ಹುಣಸಿಮರದ ಮೇಷ್ಟ್ರು · ಗುರುವಾರ ಮಧ್ಯಾಹ್ನ 2:05

ಬಿಟ್ಟೆವು. ಆಂಗಲ್‌ನ ಎರಡು ಗೋಡೆ ಮೇಲೂ ಒಂದೊಂದು ತೆಳು ಬಿಳಿ ಗೆರೆ, ರೈಲು ಹಳಿ ಹಾಗೆ. ನಡುವಿನ ಮೂಲೆ ಒಣಗಿದ ಕಬ್ಬಿಣದ ಬಣ್ಣದಲ್ಲೇ ಉಳಿದಿದೆ. ನಾನು ವಾರವೆಲ್ಲ ಅದರ ಮುಂದೆ ಕೂತಿದ್ದೆ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

---

ನಿವೃತ್ತ ಲೋಲಕ · ಗುರುವಾರ ಮಧ್ಯಾಹ್ನ 3:00

ಶಹಬ್ಬಾಸ್ ವೆಲ್ಡರ್! ಕಳ್ಳ ಸಿಕ್ಕ.

16 ಮಿ.ಮೀ.ನ ಗೋಲಿ ಸಪಾಟು ನೆಲದ ಮೇಲೆ ಒಂದು ಸುತ್ತು ಉರುಳಿದರೆ 50 ಮಿ.ಮೀ. ಮುಂದೆ ಹೋಗುತ್ತದೆ. ಲಂಬಕೋನದ ಆಂಗಲ್‌ನಲ್ಲಿ ಅದು ತನ್ನ ಹೊಟ್ಟೆಯ ಮೇಲಲ್ಲ, ಎರಡು ಪಕ್ಕೆಗಳ ಮೇಲೆ ಉರುಳುತ್ತದೆ. ಪಕ್ಕೆಯ ಸುತ್ತಳತೆ ಚಿಕ್ಕದು, ಒಂದು ಸುತ್ತಿಗೆ 35.5 ಮಿ.ಮೀ. ಅಷ್ಟೇ. ಅಷ್ಟೇ ದಾರಿ ಸಾಗಲು ಹೆಚ್ಚು ಸುತ್ತು ತಿರುಗಬೇಕು. ಇಳಿಯುವಾಗ ಸಿಕ್ಕ ಶಕ್ತಿಯಲ್ಲಿ ನೆಲದ ಮೇಲಾದರೆ 7ರಲ್ಲಿ 2 ಪಾಲು ತಿರುಗುವುದಕ್ಕೆ ಖರ್ಚು, ಆಂಗಲ್‌ನಲ್ಲಿ 9ರಲ್ಲಿ 4 ಪಾಲು. ಓಟಕ್ಕೆ ಉಳಿಯುವುದು 9ರಲ್ಲಿ 5, ಅಂದರೆ 0.556. ನಿಮ್ಮ ಅಳತೆ 0.543. ಪುಸ್ತಕದಲ್ಲಿ ಓದಿದ 5/7 ಸುಳ್ಳಲ್ಲ, ಅದು ಬೇರೆ ದಾರಿಯ ಲೆಕ್ಕ. ತಮಾಷೆ ನೋಡಿ, ತಿರುಗುವಿಕೆಯ ಈ ಪಾಲಿನ ಲೆಕ್ಕ ಗೆಲಿಲಿಯೊಗೆ ಗೊತ್ತೇ ಇರಲಿಲ್ಲ. ಆತ ಬರೀ ಅನುಪಾತ ನೋಡಿದ್ದರಿಂದ ಬಚಾವಾದ.

ಖಾತ್ರಿಗೆ ಒಂದು ಪರೀಕ್ಷೆ. ಒಂದು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಅದರಲ್ಲಿ ಬಿಡಿ. ದುಂಡು ತಳದಲ್ಲಿ ಗೋಲಿ ಒಂದೇ ಕಡೆ ತಾಗುತ್ತದೆ. ಅದೇ ಇಳಿತಕ್ಕೆ 3.7ರ ಆಸುಪಾಸು ಬರಬೇಕು.

---

ಹುಣಸಿಮರದ ಮೇಷ್ಟ್ರು · ಶನಿವಾರ ಸಂಜೆ 6:20

ಪೈಪಿನ ಕಥೆ ಕೇಳಿ. ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳುವಷ್ಟರಲ್ಲಿ ಅರ್ಧ ದಿನ. ಸೀಳಿದ ಮೇಲೆ ಅದು ಹಾವಿನಂತೆ ತಿರುಚಿಕೊಂಡು ಅಂಚು ಒಳಗೆ ಮುದುಡಿತು. ಸ್ಟೂಲಿನ ಮೇಲಿಟ್ಟರೆ ನಡುವೆ ಜೋತುಬಿತ್ತು, ಗೋಲಿ ಹೋಗಿ ತಗ್ಗಿನಲ್ಲಿ ಹಿಂದೆ ಮುಂದೆ ಆಡಿ ನಿಂತುಬಿಟ್ಟಿತು. ಒಬ್ಬ ಹುಡುಗಿ, "ಸರ್, ಆಂಗಲ್ ಒಳಗೇ ಮಲಗಿಸಿಬಿಡೋಣ" ಅಂದಳು. ನನಗೆ ಹೊಳೆದಿರಲಿಲ್ಲ. ಆಂಗಲ್‌ನ ತೊಟ್ಟಿಲಲ್ಲಿ ಪೈಪು ನೆಟ್ಟಗೆ ಕೂತಿತು, ಇಳಿಜಾರೂ ಅದೇ ಉಳಿಯಿತು, ಮತ್ತೆ ಅಳೆಯುವ ಗೋಜೇ ಇಲ್ಲ.

ಎಣಿಕೆ: 3.75. ಪಾಲು 0.697.

ಆಂಗಲ್‌ನಲ್ಲಿ ಬರಬೇಕಾದ್ದಕ್ಕಿಂತ ನೂರಕ್ಕೆ 2 ಚಿಲ್ಲರೆ ಕಡಿಮೆ ಇತ್ತು. ಪೈಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಕಿನ್ನಾಳದ ಅಣ್ಣ ಹೇಳಿದ ಘರ್ಷಣೆ ಆ ಚಿಲ್ಲರೆಯಲ್ಲಿದೆ ಅನ್ಸುತ್ತೆ.

---

ಕಿನ್ನಾಳದವ · ಶನಿವಾರ ಸಂಜೆ 6:48

ಚಿಲ್ಲರೆಯಾದರೂ ಸಿಕ್ಕಿತಲ್ಲ, ಸಾಕು.

---

ಟೇಲರಕ್ಕ · ಶನಿವಾರ ರಾತ್ರಿ 10:40

ಸಾರ್, ನಮ್ಮನೇಲಿ ಬೇರೇನೇ ಜಗಳ. ಪಕ್ಕದ ಅಂಗಡಿಯಿಂದ ಕಿಟಕಿಗೆ ಹಾಕೋ ಅಲ್ಯೂಮಿನಿಯಂ ಚಾನೆಲ್ ತುಂಡು ತಂದಿದೀವಿ, ಬಾಯಿ ಅಗಲ 12 ಮಿ.ಮೀ. ಗೋಲಿ ಒಳಗೆ ಇಳಿಯಲ್ಲ, ಎರಡು ಅಂಚಿನ ಮೇಲೆ ಕೂತು ಹೋಗ್ತೈತೆ. ಒಂದು ಸಣ್ಣ ಗೋಲಿ, ಒಂದು ದೊಡ್ಡ ಗೋಲಿ 25 ಮಿ.ಮೀ.ದು. ಲೋಲಕಕ್ಕೆ ನನ್ನ ಮಿಷನ್ನಿನ ಬಾಬಿನ್ ಕೇಸ್ ಕಟ್ಟಿದಾನೆ, ಎರಡು ದಿನದಿಂದ ನಂಗೆ ಕೆಲಸಕ್ಕೆ ಸಿಕ್ಕಿಲ್ಲ. ಪ್ರತಿ ಸಲ ದೊಡ್ಡದೇ ಮುಂದೆ. ಭಾರ ಇದ್ದದ್ದು ಬೇಗ ಬೀಳ್ತೈತೆ ನೋಡಮ್ಮ ಅಂತಾನೆ. ಅದು ಸುಳ್ಳು ಅಂತ ನಾನು ಸ್ಕೂಲಲ್ಲಿ ಓದಿದ್ದೆ. ಯಾರು ಸರಿ?

---

ನಿವೃತ್ತ ಲೋಲಕ · ಭಾನುವಾರ ಬೆಳಗ್ಗೆ 6:25

ನೀವೇ ಸರಿ ತಂಗಿ. ಆದರೆ ಹುಡುಗ ನೋಡಿದ್ದೂ ಸುಳ್ಳಲ್ಲ. 12 ಮಿ.ಮೀ. ಬಾಯಿಯ ಮೇಲೆ ಸಣ್ಣ ಗೋಲಿ ಆಳಕ್ಕೆ ಕುಸಿದು ಕೂರುತ್ತದೆ, ಚಿಕ್ಕ ಪಕ್ಕೆಯ ಮೇಲೆ ಉರುಳುತ್ತದೆ, ಓಟದ ಪಾಲು 0.52. ದೊಡ್ಡದು ಅಂಚಿನ ಮೇಲೆ ಮೇಲ್ಮೇಲೇ ಕೂತಿರುತ್ತದೆ, ಪಾಲು 0.66. ತೂಕಕ್ಕೆ ಇದರಲ್ಲಿ ಕೆಲಸವಿಲ್ಲ. ಅದೇ ಎರಡು ಗೋಲಿಯನ್ನು ಆಂಗಲ್‌ನಲ್ಲಿ ಬಿಡಿ, ಸಣ್ಣದಿರಲಿ ದೊಡ್ಡದಿರಲಿ ಎರಡಕ್ಕೂ 9ರಲ್ಲಿ 5, ಜೊತೆಗೇ ಬರುತ್ತವೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಬಿಟ್ಟರೂ ಹಾಗೆಯೇ. ಬಾಬಿನ್ ಕೇಸ್ ಬಿಡಿಸಿಕೊಂಡು ಅವನಿಗೊಂದು ನಟ್ಟು ಕೊಡಿಸಿ.

ಮೇಷ್ಟ್ರೇ, ನಿಮಗೆ ಇನ್ನೊಂದು ಸಂಗತಿ. ಗೆಲಿಲಿಯೊನ ಕೈಬರಹದ ಒಂದು ಹಾಳೆಯಲ್ಲಿ ಎಂಟು ಅಂಕೆಗಳಿವೆ: 33, 130, 298, 526, 824, 1192, 1620, 2104. ಮೊದಲ 33ನ್ನು 1, 4, 9, 16 ಹೀಗೆ 64ರ ತನಕ ಗುಣಿಸಿ ನೋಡಿ, ಎಷ್ಟು ಹತ್ತಿರ ಇವೆ ಗೊತ್ತಾಗುತ್ತದೆ. 1970ರ ದಶಕದಲ್ಲಿ ಸ್ಟಿಲ್‌ಮನ್ ಡ್ರೇಕ್ ಎಂಬ ವಿಜ್ಞಾನ ಇತಿಹಾಸಕಾರರು ಇದನ್ನು ಓದಿ ಹೇಳಿದ್ದು ಹೀಗೆ: ಆತ ಕಾಲ ಅಳೆಯಲೇ ಇಲ್ಲ. ಸಂಗೀತಗಾರನ ಮಗ, ತಾಳ ಗೊತ್ತಿತ್ತು. ಇಳಿಜಾರಿನ ಮೇಲೆ ವೀಣೆಯ ಮೆಟ್ಟಿಲಿನಂತೆ ತಂತಿ ಕಟ್ಟಿ, ಗುಂಡು ದಾಟುವ ಸದ್ದು ತಾಳಕ್ಕೆ ಸರಿಯಾಗಿ ಬೀಳುವ ತನಕ ತಂತಿಗಳನ್ನು ಸರಿಸಿ, ಆಮೇಲೆ ದೂರ ಅಳೆದಿರಬೇಕು ಅಂತ. ಡ್ರೇಕರ ಊಹೆ ಅದು, ಗೆಲಿಲಿಯೊ ಎಲ್ಲೂ ಬರೆದಿಟ್ಟಿಲ್ಲ. ನಿಮ್ಮಲ್ಲಿ ತಾಳಕ್ಕೆ ನಟ್ಟು ಇದೆಯಲ್ಲ.

---

ಹುಣಸಿಮರದ ಮೇಷ್ಟ್ರು · ಬುಧವಾರ ರಾತ್ರಿ 8:50

ಸರ್, ಮೂರು ದಿನದಿಂದ ಇದೇ ಕೆಲಸ.

ಪೈಪು ತೆಗೆದು ಆಂಗಲ್ ಒಂದೇ ಇಟ್ಟೆವು. ಕಾಲು ಮುಕ್ಕಾಲಿನ ತಕರಾರೇ ಬೇಡ ಅಂತ ಓಟ ಸರಿಯಾಗಿ 4 ಆಂದೋಲನಕ್ಕೆ ಮುಗಿಯುವ ಹಾಗೆ ಮೇಲಿನ ಸ್ಟೂಲಿಗೆ ಹಳೇ ನೋಟ್‌ಬುಕ್ ಒಂದೊಂದೇ ಸೇರಿಸ್ತಾ ಹೋದೆವು. 12 ಇದ್ದ ಇಳಿತ ಹದಿಮೂರೂವರೆ ಆದಾಗ ಕೂಡಿತು. ಆಮೇಲೆ ಹೊಲಿಗೆ ದಾರ, ಆಂಗಲ್ ಸುತ್ತ ಬಿಗಿಯಾಗಿ, ಮೇಲಿನಿಂದ 15, 60, 135ಕ್ಕೆ. 240ಕ್ಕೆ ಇಟ್ಟಿಗೆ. ಒಬ್ಬಳು ಕಣ್ಣು ಮಿಟುಕಿಸದೆ ನಟ್ಟು ನೋಡ್ತಾ, ಅದು ಬಿಟ್ಟ ಜಾಗಕ್ಕೆ ವಾಪಸ್ ಬಂದಾಗಲೆಲ್ಲ ಸ್ಕೇಲಿನಿಂದ ಬೆಂಚಿಗೆ ಬಡೀತಾಳೆ. ಉಳಿದವರು ಕಣ್ಣು ಮುಚ್ಚಿ ಕೇಳ್ತಾರೆ.

ಮೊದಲ ಸಲ ದಾರ ದಪ್ಪ ಆಗಿತ್ತು, ಗೋಲಿ ಪ್ರತಿ ದಾರಕ್ಕೂ ಎಡವಿ ತಡವಾಗಿ ಬಂತು. ಒಂದೇ ಎಳೆ ಕಟ್ಟಿ, ಇನ್ನೊಂದು ನೋಟ್‌ಬುಕ್ ಏರಿಸಿದೆವು. ಟಿಕ್, ಟಿಕ್, ಟಿಕ್, ಟಣ್. ನಾಲ್ಕೂ ಸ್ಕೇಲಿನ ಸದ್ದಿನ ಮೇಲೇ ಬಿದ್ದವು. ಬೇಕಂತಲೇ 60ರ ದಾರವನ್ನು ನಾಲ್ಕು ಬೆರಳು ಆಚೆ ಸರಿಸಿದರೆ ಕಣ್ಣು ಮುಚ್ಚಿದವರೆಲ್ಲ ಒಟ್ಟಿಗೆ "ಎರಡನೇದು ತಪ್ಪು" ಅಂದರು. ಕಣ್ಣಿಗೆ ಕಾಣದ್ದು ಕಿವಿಗೆ ಸಿಕ್ಕಿಬಿಡುತ್ತೆ.

ದಾರಗಳ ನಡುವಿನ ಅಂತರ ಬರೆದುಕೊಳ್ಳಿ ಅಂದೆ: 15, 45, 75, 105. ಒಂದು, ಮೂರು, ಐದು, ಏಳು ಅಂತ ಹಿಂದಿನ ಬೆಂಚಿನ ಹುಡುಗ ಹೇಳಿದ, ಅವನು ಈ ತಂಡದಲ್ಲೂ ಇಲ್ಲ. ಈಗ ಅರ್ಧ ಆಂದೋಲನಕ್ಕೊಂದರಂತೆ ಎಂಟು ಕಡೆ ಕಟ್ಟೋಣ ಅಂತ ಹಟ ಹಿಡಿದಿದ್ದಾರೆ. ಮೊದಲನೇದು 3.75 ಸೆಂ.ಮೀ.ಗೇ ಬರಬೇಕು, ಅಷ್ಟು ಹತ್ತಿರ ಗೋಲಿಗೆ ವೇಗವೇ ಇರಲ್ಲ, ದಾರಕ್ಕೇ ಆನಿಕೊಂಡು ನಿಂತುಬಿಡುತ್ತೆ.

ಜೊತೆಗೆ ಬಿಡುವುದಕ್ಕೂ ಉಪಾಯ ಸಿಕ್ತು. ಒಂದೇ ದಾರದಿಂದ ನಟ್ಟನ್ನು ಎಳೆದು ಕಟ್ಟಿ, ಅದರ ಇನ್ನೊಂದು ತುದಿಯಲ್ಲಿ ಗೋಲಿಯ ಮುಂದಿನ ಕಡ್ಡಿಯನ್ನು ಹಿಡಿಸಿ, ನಡುವೆ ಬೆಂಕಿಕಡ್ಡಿ ಗೀರಿ ಸುಟ್ಟರೆ ಎರಡೂ ಒಂದೇ ಕ್ಷಣಕ್ಕೆ ಹೊರಡುತ್ತವೆ. ಪ್ರದರ್ಶನದಲ್ಲಿ ಬೆಂಕಿಗೆ ಒಪ್ಪಿಗೆ ಸಿಗುತ್ತೋ ಇಲ್ಲವೋ.

---

ರಾಯಚೂರ್ ಹುಡುಗ · ಬುಧವಾರ ರಾತ್ರಿ 9:15

ಸರ್, ಟಿಕ್ ಟಿಕ್ ಟಿಕ್ ಟಣ್ ಆಡಿಯೊ ಇದ್ರ ಹಾಕ್ರಿ. ನಾ ಮೊಬೈಲಿನಾಗ ಅಲೆ ತೆಗದು ಅಂತರ ಅಳೀತೀನಿ. ಸೋತಂಗ ಅಲ್ಲ ಮತ್ತ.

---

ಹುಣಸಿಮರದ ಮೇಷ್ಟ್ರು · ಮೂರು ವಾರದ ನಂತರ, ಶುಕ್ರವಾರ ರಾತ್ರಿ 9:30

ಪ್ರದರ್ಶನ ಮುಗೀತು. ಬೆಂಕಿಗೆ ಒಪ್ಪಿಗೆ ಸಿಗಲಿಲ್ಲ, ಕೈಯಿಂದಲೇ ಬಿಟ್ಟರು. ನಮ್ಮ ಪಕ್ಕದ ಟೇಬಲ್ಲಿನಲ್ಲಿ ಜ್ವಾಲಾಮುಖಿ ಇತ್ತು, ಅದಕ್ಕೆ ಜನ ಜಾಸ್ತಿ. ತೀರ್ಪುಗಾರರೊಬ್ಬರು ಬಂದು, "ಇದರಿಂದ ಸಮಾಜಕ್ಕೇನು ಉಪಯೋಗ?" ಅಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಕಣ್ಣು ಮುಚ್ರಿ" ಅಂದಳು. ಅವರು ಮುಚ್ಚಿದರು. ಒಮ್ಮೆ ಸರಿಯಾಗಿ ಓಡಿಸಿದಳು, ಒಮ್ಮೆ ದಾರ ಸರಿಸಿ ಓಡಿಸಿದಳು. "ಎರಡನೇ ಸಲ ಎಲ್ಲೋ ತಪ್ಪೈತಿ" ಅಂತ ಅವರೇ ಹೇಳಿ, ಆಮೇಲೆ ಹತ್ತು ನಿಮಿಷ ಅಲ್ಲೇ ನಿಂತು ತಾವೇ ಗೋಲಿ ಬಿಟ್ಟರು. ಬಹುಮಾನ ಎರಡನೇದು. ಮೊದಲನೇದು ಜ್ವಾಲಾಮುಖಿಗೆ.

---

ಟೇಲರಕ್ಕ · ಶುಕ್ರವಾರ ರಾತ್ರಿ 10:02

ಹುಡುಗೀರಿಗೆ ನನ್ನ ಕಡೆಯಿಂದ ಶಾಬಾಸ್ ಹೇಳ್ರಿ ಸಾರ್. ನನ್ನ ಬಾಬಿನ್ ಕೇಸ್ ವಾಪಸ್ ಬಂತು, ಸ್ವಲ್ಪ ಸೊಟ್ಟ ಆಗೈತೆ.

---

ಬೆಂಕಿಪೊಟ್ಣ ವೆಲ್ಡರ್ · ಶುಕ್ರವಾರ ರಾತ್ರಿ 10:11

ಸರ, ಖುಷಿ ಆತು. ನಾಳಿ ಮುಂಜಾನಿ ಆಂಗಲ್ ತರಾಕ ಬರ್ತೀನಿ, ಒಬ್ಬರ ಗೇಟು ತಿಂಗಳದಿಂದ ಅರ್ಧಕ್ಕ ನಿಂತೈತಿ. ದಾರ ಬಿಚ್ಚಿ ಇಟ್ಟಿರ್ರಿ.